ಬಸ್ತಿಹಳ್ಳಿಯಲ್ಲಿ ನನ್ನ ಮೈಕ್ರೋಸ್ಕೋಪು ಪ್ರದರ್ಶನ

ದೇಶದೇಶ ಸುತ್ತಿದ ಕಾಲರಾ ನಮ್ಮ ಕಡೆಗೂ ಕಾಲಿಟ್ಟಿದ್ದ ಎಪ್ಪತ್ತರ ದಶಕದ ಒಂದು ಬೇಸಿಗೆ. ನಾನಾಗ ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಕಾಲರಾ ಓಡಿಸಲು ಇನ್ನೇನು ಬೇಕು? ಸಹಪಾಠಿ ನಾಗರಾಜನನ್ನು ಜೊತೆಗೆ ಕರೆದುಕೊಂಡು, ಮೈಕ್ರೋಸ್ಕೋಪನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹಳೇಬೀಡಿನ ಬಸ್ಸು ಹತ್ತಿದೆ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ, ಪದ್ಮಾವತಮ್ಮ ಎಂಬ ಹಿರಿಯರ ಮನೆಯ ಜಗಲಿಯಲ್ಲಿ ಸಭೆ ಸೇರಿತು. "ಮಾನ್ಯರೇ, ನೀರನ್ನು ಕಾಯಿಸಿಯೇ ಕುಡಿಯತಕ್ಕದ್ದು. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ!" ಎಂದು ಘೋಷಿಸಿದೆ.

"ನಮ್ ತಾತನ ಕಾಲ್ದಿಂದ ಬಾವಿ ನೀರೇ ಕುಡೀತಾ ಇದ್ದೀವಿ. ಕಾಣದ್ದು ಐತೆ ಅಂದ್ರೆ ನಂಬೋದೆಂಗೆ?" ಎಂದರು ರೈತ ರಂಗಪ್ಪ.

ನನಗೆ ಬೇಕಾಗಿದ್ದೂ ಇದೇ! ಪದ್ಮಾವತಮ್ಮನವರ ಬಿಂದಿಗೆಯಿಂದ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟು ನೋಡಿದೆ. ಏನೂ ಇಲ್ಲ. ಇನ್ನೊಂದು ಹನಿ. ಏನೇನೂ ಇಲ್ಲ!

"ಅದು ಸೋಸಿ ಕಾಯ್ಸಿದ ನೀರು ಕಣಪ್ಪ," ಎಂದರು ಪದ್ಮಾವತಮ್ಮ. "ನಾವು ಜೈನರು. ಮುತ್ತಜ್ಜಿ ಕಾಲದಿಂದ್ಲೂ ನಮ್ಮನೇಲಿ ಹೀಗೇ."

ವಿಜ್ಞಾನಕ್ಕೆ ಬೆವರು ಕಿತ್ತುಕೊಂಡು ಬಂತು. "ಬೇರೆ ನೀರು ಕೊಡೋ!" ಎಂದು ಪಿಸುಗುಟ್ಟಿದೆ. ನಾಗರಾಜ ಕೈಗೆ ಸಿಕ್ಕಿದ ಬಾಟಲಿಯಿಂದ ಒಂದು ಹನಿ ಹಾಕಿದ. ಆಹಾ! ಚಪ್ಪಲಿಯಂಥದ್ದು, ಉಂಡೆಯಂಥದ್ದು, ಬಾಲದ್ದು, ಮೀಸೆಯದ್ದು, ಜಾತ್ರೆಯೇ ನೆರೆದಿತ್ತು.

"ನೋಡಿ! ಇಂಥ ನೀರು ಕುಡಿದವನ ಗತಿ ಏನಾದೀತು?" ಎಂದು ಗುಡುಗಿದೆ.

ರಂಗಪ್ಪ ಬಹಳ ಹೊತ್ತು ಇಣುಕಿ ನೋಡಿ ತಲೆಯೆತ್ತಿದರು. "ಇದು ಯಾರ ಮನೆ ನೀರು ಸ್ವಾಮಿ?"

ನಾಗರಾಜ ಬೆಪ್ಪಾಗಿ ನನ್ನತ್ತ ತಿರುಗಿದ. "ನಮ್ದೇ ಕಣೋ. ಬಸ್ ಇಳಿದು ಬರ್ತಾ ದಾರೀಲಿ ತೊಟ್ಟಿಯಿಂದ ತುಂಬ್ಕೊಂಡ್ವಲ್ಲ. ನೀನು ಅರ್ಧ ಬಾಟ್ಲಿ ಕುಡಿದೆ..."

ಸಭೆ ಗೊಳ್ಳೆಂದಿತು. ನನ್ನ ಹೊಟ್ಟೆ ಗುಡುಗುಡು ಎಂದಿತು.

ಸಂಜೆಯಿಂದ ಶುರುವಾಯಿತು ನೋಡಿ ನನ್ನ ಓಟ! ಪದ್ಮಾವತಮ್ಮ ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ, ಚಿಟಿಕೆ ಉಪ್ಪು ಹಾಕಿ, "ಗುಟುಕು ಗುಟುಕಾಗಿ ಕುಡಿ ಮಗು. ನಿನ್ನ ವಿದ್ಯೆ ಆಮೇಲೆ ಹೇಳೀವಂತೆ," ಎಂದರು. ಎರಡು ದಿನ ಅದೇ ನನ್ನನ್ನು ಉಳಿಸಿತು.

ಮೂರನೆಯ ದಿನ ಬೆಳಿಗ್ಗೆ ಹೊರಗೆ ಬಂದರೆ ಮನೆಮನೆಯ ಒಲೆಯ ಮೇಲೂ ಕುಡಿಯುವ ನೀರು ಕುದಿಯುತ್ತಿತ್ತು!

"ಕೊನೆಗೂ ವಿಜ್ಞಾನ ಗೆದ್ದಿತು," ಎಂದೆ ಹೆಮ್ಮೆಯಿಂದ.

ರಂಗಪ್ಪ ಕಿಸಕ್ಕನೆ ನಕ್ಕರು. "ಅದೇನ್ ಗೆದ್ದಿತೋ ನಂಗೊತ್ತಿಲ್ಲ ಸ್ವಾಮಿ. ನೀವು ಚೊಂಬು ಹಿಡ್ಕಂಡು ನಮ್ ಹೊಲದ ಕಡೆ ಓಡಿದ್ದ ಊರೆಲ್ಲ ನೋಡೈತೆ. ಕಾಯಿಸ್ದೆ ಒಂದು ತೊಟ್ಟು ನೀರು ಕುಡಿಯಾಕೂ ನಮ್ಮಕ್ಳು ಒಪ್ತಿಲ್ಲ!"

ಹೀಗೆ ಲೋಕಕಲ್ಯಾಣಾರ್ಥವಾಗಿ ಚೊಂಬು ಹಿಡಿದು ಓಡಿದ ಎಂ.ಎಸ್ಸಿ. ವಿದ್ಯಾರ್ಥಿ ಇಡೀ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು!