ಏಳು ನುಡಿಯ ಸಾವು

ಬರೆಯುವವರಿಗೆಲ್ಲ ಒಂದು ರೋಗವಿದೆ. ಬರೆದದ್ದರಲ್ಲಿ ನಾಲ್ಕು ಸಾಲು ತೆಗೆಯಿರಿ ಎಂದರೆ, ಕಿಡ್ನಿ ಕೊಡಿ ಎಂದು ಕೇಳಿದ ಹಾಗೆ ನೋಡುತ್ತಾರೆ. ನನಗೆ ಆ ರೋಗ ಸ್ವಲ್ಪ ಜಾಸ್ತಿಯೇ ಇದೆ. ಮಾಲೂರಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ಮೇಲೆ, ಬೆಳಿಗ್ಗೆ ವಾಕಿಂಗು, ಸಂಜೆ ಬೋಂಡ ಎಂದು ಇದ್ದುಬಿಡಬಹುದಿತ್ತು. ಅದು ಬಿಟ್ಟು ಸ್ಕಾಟ್ಲೆಂಡಿನ ಒಬ್ಬ ಕವಿಯ ಮೇಲೆ ಸಂಗೀತ ನಾಟಕ ಬರೆದೆ. ನೇಗಿಲು ಹಿಡಿದವನು, ತನ್ನ ಹಳ್ಳಿ ಮಾತಿನಲ್ಲೇ ಹಾಡು ಕಟ್ಟಿದವನು, ಚಿಕ್ಕ ವಯಸ್ಸಿಗೇ ಎದೆ ಕೆಟ್ಟು ಸತ್ತವನು. "ಇದನ್ನ ಯಾರ್ರೀ ನೋಡ್ತಾರೆ?" ಎಂದಳು ನನ್ನ ಹೆಂಡತಿ. "ಸ್ಕಾಟ್ಲೆಂಡ್ ಅಂದ್ರೆ ಬಂಗಾರಪೇಟೆಯಿಂದ ಆಚೆಗಾ ಅಂತ ಕೇಳ್ತಾರೆ ನಮ್ಮೋರು."

ಸಂಗೀತಕ್ಕೆ ಸಿಕ್ಕವರು ತಾಯಲೂರಿನ ಹಾರ್ಮೋನಿಯಂ ಮುನಿಶಾಮಪ್ಪ ಮೇಷ್ಟ್ರು. ಅವರಿಗೆ ಬಾರದ ಕೆಲಸವೇ ಇರಲಿಲ್ಲ. ಪೌರಾಣಿಕ ನಾಟಕ, ಮದುವೆ ಆರ್ಕೆಸ್ಟ್ರಾ, ಭಜನೆ, ಎಲೆಕ್ಷನ್ ಆಟೋದ ಹಾಡು, ಸಾವಿನ ಮನೆಯ ತತ್ವಪದ, ಎಲ್ಲವೂ ಸೈ. ಒಂದೇ ಮಟ್ಟಿನಲ್ಲಿ ಬೆಳಿಗ್ಗೆ ಬೀಗರನ್ನು ಕುಣಿಸಿ ಸಂಜೆ ಹೆಣದ ಮುಂದೆ ಕೂತವರನ್ನು ಅಳಿಸಿದ್ದನ್ನು ನಾನೇ ಕಂಡಿದ್ದೇನೆ. "ನಲವತ್ತು ವರ್ಷ ಕಂಡೋರ ಮಟ್ಟಿಗೇ ಗಾಳಿ ಹೊಡೆದೆ ಸಾರ್. ಇದಕ್ಕೆ ಮಾತ್ರ ಎಲ್ಲಾ ನಂದೇ ಮಟ್ಟು" ಎಂದರು. ಆದರೆ ಅವರ ಎದೆಯೂ ಸರಿಯಿರಲಿಲ್ಲ. ಕಾಲಿನಿಂದ ಗಾಳಿ ತುಂಬುವ ಲೆಗ್ ಹಾರ್ಮೋನಿಯಂ ತುಳಿಯಲೇ ಕೂಡದೆಂದು ಕೋಲಾರದ ಡಾಕ್ಟರು ಹೇಳಿದ್ದರು. ಮೇಷ್ಟ್ರ ಹೆಂಡತಿ ರತ್ನಮ್ಮ ಬಸ್ಸು ಹತ್ತಿ ನಮ್ಮ ಮನೆಗೇ ಬಂದರು. "ಹಾಡು ಹೇಳ್ಕೊಡ್ಲಿ ಸಾರ್, ಬ್ಯಾಡ ಅನ್ನಲ್ಲ. ಆ ಪೆಟ್ಟಿಗೆ ತುಳಿಯೋದೊಂದು ಬಿಡಿಸಿ. ನನ್ ಮಾತು ಕೇಳಲ್ಲ, ನಿಮ್ಮಾತು ಕೇಳ್ತಾರೆ" ಎಂದರು. ಆಗಲಮ್ಮ ಎಂದೆ. ಮೇಷ್ಟ್ರಿಗೆ ಹೇಳಿಯೂ ಹೇಳಿದೆ. ಅವರು ಒಪ್ಪದಿರಲಿ ಎಂಬಂಥ ದನಿಯಲ್ಲಿ ಹೇಳಿದೆ. ಅವರೂ ಒಪ್ಪಲಿಲ್ಲ.

ತಾಲೀಮಿನ ಫಜೀತಿ ಕೇಳಬೇಡಿ. ಕವಿಯ ಪಾತ್ರಕ್ಕೆ ಸುಗಟೂರಿನ ರೇಷ್ಮೆ ಬೆಳೆಗಾರ ನಾಗರಾಜ. ಅವರ ದೇಶದ ಗಂಡಸರು ಚೌಕುಳಿ ಲಂಗ ಉಡುತ್ತಾರಪ್ಪ ಎಂದದ್ದಕ್ಕೆ, "ಸಾರ್, ನಮ್ಮತ್ತೆ ಮನೆಯೋರೆಲ್ಲ ನಾಟ್ಕಕ್ಕೆ ಬರ್ತಾವ್ರೆ" ಎಂದು ಎದ್ದೇಬಿಟ್ಟ. ಕೊನೆಗೆ ಚೌಕುಳಿ ಲುಂಗಿಗೆ ರಾಜಿಯಾಯಿತು. ಅವರಲ್ಲಿ ಚೀಲದಂಥ ವಾದ್ಯ ಊದುತ್ತಾರೆ, ಅದರ ಸದ್ದು ಎಲ್ಲಿಂದ ತರೋಣ ಎಂದು ನಾನು ಪೇಚಾಡುತ್ತಿದ್ದರೆ, ಮೇಷ್ಟ್ರು ತಮ್ಮ ಎದೆ ತಟ್ಟಿಕೊಂಡು, "ಇಲ್ಲೇ ಐತಲ್ಲ ಸಾರ್ ಚೀಲ, ಬೆಳಗಿಂದ ಕುಂಯ್ ಅಂತೈತೆ" ಎಂದರು. ಎಲ್ಲರೂ ನಕ್ಕೆವು. ಅವರು ತಕರಾರು ತೆಗೆದದ್ದು ಒಂದೇ ಒಂದಕ್ಕೆ. ಕವಿ ಸಾಯುವಾಗ ಹಾಡುವುದಕ್ಕೆ ನಾನು ಏಳು ನುಡಿ ಬರೆದಿದ್ದೆ. "ಸಾಯೋನು ಏಳು ನುಡಿ ಹಾಡ್ತಾನಾ ಸಾರ್? ಮೂರು ಮಾಡಿ. ಅವ್ನಿಗೂ ಉಸಿರು ಸಾಲದು, ನಂಗೂ ಸಾಲದು." ನನಗೆ ಕೋಪ ಬಂತು. "ಮೇಷ್ಟ್ರೇ, ನಿಮ್ಮ ಪೌರಾಣಿಕದಲ್ಲಿ ತೊಡೆ ಮುರಿದು ಬಿದ್ದವನು ಹನ್ನೆರಡು ಹಾಡಲ್ವೇ?" ಎಂದೆ. ಅವರು ಏಳಕ್ಕೂ ಮಟ್ಟು ಹಾಕಿದರು. ನಿಜ ಹೇಳಬೇಕೆಂದರೆ, ನನ್ನ ಸಾಲುಗಳಿಗಿಂತ ಅದು ಎಷ್ಟೋ ಚೆನ್ನಾಗಿತ್ತು.

ಮುಳಬಾಗಿಲಿನ ಕಲ್ಯಾಣ ಮಂಟಪದಲ್ಲಿ ಮಧ್ಯಾಹ್ನದ ಆಟ. ಜನ ತುಂಬಿದ್ದರು. ನಾನು ಪಕ್ಕದ ಪರದೆಯ ಮರೆಯಲ್ಲಿ ಹಸ್ತಪ್ರತಿ ಹಿಡಿದು ಕೂತಿದ್ದೆ. ಮೂರು ಮಾರು ದೂರದಲ್ಲಿ ಮೇಷ್ಟ್ರು. ಸಾವಿನ ಹಾಡು ಶುರುವಾಯಿತು. ಮೂರನೇ ನುಡಿ ಮುಗಿದಾಗ ಮೇಷ್ಟ್ರು ನನ್ನ ಕಡೆ ತಿರುಗಿದರು. ಮುಖದಿಂದ ಬೆವರು ಇಳಿಯುತ್ತಿತ್ತು. "ಚಾಲು ಸಾರ್... ಚಾಲು" ಎಂದರು. ತಾಲೀಮಿನಲ್ಲಿ ಹಾಡು ಎತ್ತಿಸುವಾಗಲೆಲ್ಲ "ಹ್ಞೂಂ, ಚಾಲೂ!" ಎನ್ನುವುದು ಅವರ ವಾಡಿಕೆ. ಏನು ಹುಮ್ಮಸ್ಸಪ್ಪಾ ಈ ಮನುಷ್ಯನಿಗೆ ಎಂದುಕೊಂಡು, ತಡವರಿಸುತ್ತಿದ್ದ ನಾಗರಾಜನಿಗೆ ಮುಂದುವರಿಸೆಂದು ಕೈ ಬೀಸಿದೆ. ಹಾಡುವವನು ಹಾಡುತ್ತಿರುವಾಗ ಪೆಟ್ಟಿಗೆ ನಿಲ್ಲಿಸುವ ಜಾತಿಯವರಲ್ಲ ಅವರು. ಏಳನೆಯ ನುಡಿ ಮುಗಿಯುವವರೆಗೂ ತುಳಿದರು. ಆಮೇಲೆ ತಲೆಯನ್ನು ಪೆಟ್ಟಿಗೆಯ ಕಪ್ಪು-ಬಿಳಿ ಮನೆಗಳ ಮೇಲೆ ಇಟ್ಟರು. ಪೆಟ್ಟಿಗೆಯಲ್ಲಿ ಉಳಿದಿದ್ದ ಗಾಳಿ ಒಮ್ಮೆ ನರಳಿತು. ಅದೂ ನಾಟಕವೆಂದೇ ತಿಳಿದು ಜನ ಇನ್ನಷ್ಟು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಆಂಬುಲೆನ್ಸು ಕೋಲಾರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂರನೇ ದಿನ ತಾಯಲೂರಿಗೆ ಹೋದೆ. ಪೆಟ್ಟಿಗೆ ಬಿಡಿಸಲಿಲ್ಲವಲ್ಲ ಎಂದು ರತ್ನಮ್ಮ ಬೈಯುತ್ತಾರೆಂದು ಕಾದಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಕೊನೇಗೆ ಏನಾರ ಅಂದ್ರಾ ಸಾರ್?" ಎಂದು ಕೇಳಿದರು. ಚಾಲು ಅಂದರಮ್ಮ ಎಂದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಚಾಲು ಅಂದ್ರಾ! ಸಾಕು ಅಂದ್ರಾ! ಅಯ್ಯೋ ನನ್ನಪ್ಪ, ಕಟ್ಕೊಂಡಾಗಿಂದ ಆ ಮನುಷ್ಯ ಯಾವತ್ತೂ ಸಾಕು ಅಂದೋರಲ್ಲ. ನಿಮ್ ನಾಟ್ಕದಾಗೆ ಮನಸು ತುಂಬಿ ಹೋದ್ರು ಸಾರ್." ತೆಲುಗಿನಲ್ಲಿ ಚಾಲು ಎಂದರೆ ಸಾಕು. ನನಗೆ ತಿಳಿಯದ್ದೇನಲ್ಲ; ಅನ್ನ ಬಡಿಸುವಾಗ ಎಲೆಗೆ ಕೈ ಅಡ್ಡ ಹಿಡಿದು ಅದೇ ಮಾತು ಹೇಳಿಕೊಂಡು ಬೆಳೆದವನು ನಾನು. ಮೇಷ್ಟ್ರು ನನ್ನೊಡನೆ ಕನ್ನಡ, ಮನೆಯಲ್ಲಿ ತೆಲುಗು. ಎದೆ ಹಿಂಡುವಾಗ ಮನೆಯ ಮಾತು ಬಾಯಿಗೆ ಬಂದಿದೆ. ಇನ್ನೂ ನಾಲ್ಕು ನುಡಿ ಬಾಕಿ ಇಟ್ಟುಕೊಂಡಿದ್ದ ನನ್ನ ಕಿವಿ ತನಗೆ ಬೇಕಾದ ಭಾಷೆಯಲ್ಲಿ ಕೇಳಿಸಿಕೊಂಡಿದೆ. ಇದನ್ನು ಆಕೆಗೆ ಹೇಳಬೇಕಿತ್ತು. "ಹೌದಮ್ಮ, ತುಂಬಾ ತೃಪ್ತಿಯಾಗಿದ್ರು" ಎಂದು ಹೇಳಿ, ಕಾಫಿ ಕುಡಿದು, ಎದ್ದು ಬಂದೆ. ನಾಚಿಕೆಯಾಗುತ್ತದೆ.

ಈಗ ಅದೇ ನಾಟಕ ಶ್ರೀನಿವಾಸಪುರದಲ್ಲೂ ಬೇಕಂತೆ. ಹೊಸ ಹಾರ್ಮೋನಿಯಂನವರು ಮೊನ್ನೆ ಬಂದು, ಸಾವಿನ ಹಾಡು ಉದ್ದವಾಯಿತು, ಮೂರು ನುಡಿ ಮಾಡಿ ಸಾರ್ ಎಂದರು. ಆಗುವುದಿಲ್ಲಪ್ಪ, ಮೇಷ್ಟ್ರ ಕೊನೆಯ ಮಟ್ಟು, ಒಂದಕ್ಷರವನ್ನೂ ಬಿಡಬಾರದೆಂದು ರತ್ನಮ್ಮನವರೇ ಕೈಮುಗಿದು ಕೇಳಿಕೊಂಡಿದ್ದಾರೆ ಎಂದೆ. ಆತನ ಕಣ್ಣು ಒದ್ದೆಯಾಯಿತು. ರತ್ನಮ್ಮ ಅಂಥದ್ದೇನೂ ಕೇಳಿಲ್ಲ.