ಗಂಧರ್ವನಿಗೆ ಗ್ರಹಣ

ಗೃಹಪ್ರವೇಶದ ದಿನ ನಮ್ಮ ಹೊಸ ಮನೆಯ ಹಾಲ್‌ಗೆ ಕಾಲಿಟ್ಟವರು ಮೊದಲು ನೋಡಬೇಕಾದ್ದು ನನ್ನ ಚಿತ್ರವನ್ನು. ಆಮೇಲೆ ಬೇಕಾದರೆ ಸತ್ಯನಾರಾಯಣ ಸ್ವಾಮಿಯನ್ನು ನೋಡಿಕೊಳ್ಳಲಿ! ಹೀಗೆಂದು ನಾನು ಘೋಷಿಸಿದ್ದು ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ ರಜೆಯಲ್ಲಿ, ಮುಳಬಾಗಿಲಿನ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಮುಕುಂದನೊಳಗೆ, ಅಂದರೆ ನನ್ನೊಳಗೆ, ಒಬ್ಬ ಮಹಾ ಕಲಾವಿದನಿದ್ದಾನೆ ಎಂಬುದು ಕಂಪ್ಯೂಟರ್ ಬಂದ ಎಂಟನೇ ದಿನಕ್ಕೇ ನನಗೆ ಖಾತ್ರಿಯಾಗಿತ್ತು.

ಹೆಂಡತಿ ಶ್ರೀಪ್ರಿಯಾ ಒಗ್ಗರಣೆ ಸೌಟು ಕೆಳಗಿಟ್ಟಳು.

"ಆ ಗೋಡೆ ನನ್ನ ಗಿಳಿಗಳಿಗೆ ಅಂತ ಪಾಯ ತೋಡಿದ ದಿನವೇ ಹೇಳಿದ್ದೆ!"

ಗಿಳಿಗಳೆಂದರೆ ಅವಳು ಎರಡು ವರ್ಷ ಕೂತು ದಾರದಲ್ಲಿ ಹೆಣೆದ ಜೋಡಿ ಗಿಳಿ. ನಾನು ನಕ್ಕೆ. "ದಾರದ ಗಿಳಿಯೆಲ್ಲಿ, ನನ್ನ ಗಂಧರ್ವಲೋಕವೆಲ್ಲಿ! ಇದು ಡಿಜಿಟಲ್ ಯುಗ ಕಣೇ!"

"ಸರಿ. ಚಿತ್ರ ಚೆನ್ನಾಗಿ ಪ್ರಿಂಟಾಗಿ ಬರ್ಲಿ, ಗೋಡೆ ನಿಮ್ದು. ಬರ್ಲಿಲ್ವೋ, ಗಿಳಿಗಳದ್ದು. ಆಮೇಲೆ ತಕರಾರು ತೆಗೀಬಾರ್ದು."

"ಗೋಡೆಗೆ ಮೊಳೆ ಹೊಡಿಸ್ಬಿಡು!" ಎಂದೆ.

ಚಿತ್ರವನ್ನು ನೀವು ನೋಡಬೇಕಿತ್ತು. ಕಡುನೀಲಿ ಆಕಾಶ, ನೇರಳೆ ಮೋಡಗಳು, ಮೋಡದ ಮೇಲೆ ಮಾವಿನ ತೋಪು, ನಡುವೆ ರೆಕ್ಕೆ ಬಿಚ್ಚಿದ ನೀಲಿ ಕುದುರೆ. ಕುದುರೆಯ ಮೇಲೆ ನಗುತ್ತಾ ಕೂತ ಗಂಧರ್ವರಾಜ. ಅವನ ಮುಖ? ನನ್ನದೇ! ಫೋಟೊ ಸ್ಕ್ಯಾನ್ ಮಾಡಿಸಿ ಅಂಟಿಸಿ, ಇರದಿದ್ದ ಹುರಿಮೀಸೆಯನ್ನೂ ಕರುಣಿಸಿ, ನೀಲಿ ನೆರಳು ಬಳಿದಿದ್ದೆ. ಇಪ್ಪತ್ತು ದಿನ ಮೌಸ್ ಹಿಡಿದು ಕಿರುಬೆರಳು ಮರಗಟ್ಟಿತ್ತು.

ಕಂಪ್ಯೂಟರ್ ಇದ್ದದ್ದು ಬೀದಿ ಕಡೆಯ ಕಿಟಕಿಯ ಪಕ್ಕ. ಬಿಸಿಲು ನೇರವಾಗಿ ಮಾನಿಟರ್‌ಗೇ ಬಡಿಯುತ್ತಿತ್ತು. "ಕಿಟಕಿಗೊಂದು ಪರದೆ ಹಾಕ್ಬಾರ್ದೇನ್ರೀ?" ಎಂದು ಶ್ರೀಪ್ರಿಯಾ ಎಷ್ಟು ಸಲ ಹೇಳಿದ್ದಳೋ! "ಬೀದೀಲಿ ಹೋಗೋರಿಗೆಲ್ಲ ಕಾಣ್ಲಿ ಬಿಡೇ!" ಎನ್ನುತ್ತಿದ್ದೆ. ಬಿಸಿಲಿಗೆ ಮಾನಿಟರ್ ಮಂಕಾದರೆ ಬೆಳಕು ಹೆಚ್ಚಿಸುವ ಕೆಳಗಿನ ಗುಂಡಿ ತಿರುಗಿಸಿದರಾಯಿತು. ತಿರುಗಿಸಿದ್ದೆ, ಅದು ತಿರುಗುವಷ್ಟೂ.

ಶುಕ್ರವಾರ ಗೃಹಪ್ರವೇಶ. ಹಿಂದಿನ ಭಾನುವಾರ ಸಿ.ಡಿ. ಹಿಡಿದು ಕೋಲಾರಕ್ಕೆ ಹೋಗಿ, ಸುಬ್ಬರಾಯಪ್ಪನ ಫ್ಲೆಕ್ಸ್ ಅಂಗಡಿಯಲ್ಲಿ ನಾಲ್ಕಡಿ ಅಗಲದ ಪ್ರಿಂಟ್ ಹಾಕಿಸಿ, ಸುತ್ತಿಸಿಕೊಂಡು ಬಂದೆ. ಮನೆಯಲ್ಲಿ ಬಿಚ್ಚಿದರೆ, ಅಯ್ಯೋ ಶಿವನೇ! ಆಕಾಶ ಕಪ್ಪು, ಮೋಡ ಕಪ್ಪು, ಕುದುರೆ ನಾಪತ್ತೆ. ಕತ್ತಲೆಯ ನಡುವೆ ಎರಡು ಕಣ್ಣು, ಒಂದು ಸಾಲು ಹಲ್ಲು!

"ಗ್ರಹಣ ಹಿಡಿದಿದ್ಯೇನ್ರೀ?" ಎಂದಳು ಶ್ರೀಪ್ರಿಯಾ.

ನಾನು ಧೃತಿಗೆಡಲಿಲ್ಲ. ಚಿತ್ರವನ್ನು ನೋಡುವುದಕ್ಕೂ ಒಂದು ಶಾಸ್ತ್ರವಿದೆ. ಅವಳನ್ನು ಹತ್ತಡಿ ದೂರ ನಿಲ್ಲಿಸಿದೆ, ಮೂರಡಿಗೆ ಕರೆದೆ, ಚಿತ್ರವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ, ಅಂಗಳದ ಬಿಸಿಲಿಗೊಯ್ದೆ, ಕೊನೆಗೆ ಟಾರ್ಚ್ ಬಿಟ್ಟೆ.

"ಈಗ ಕುದುರೆ ಕಾಣ್ತಾ?"

"ಬಾಲ ಕಂಡ ಹಾಗಾಯ್ತು. ಆದ್ರೆ ಹೀಗಾದ್ರೆ ಬಂದೋರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಟಾರ್ಚೂ ಕೊಡ್ಬೇಕಾಗುತ್ತೆ!"

"ತಪ್ಪು ಆ ಸುಬ್ಬರಾಯಪ್ಪನದು!" ಎಂದು ಗುಡುಗಿದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅವಳು ಒಳಗೆ ಹೋದಳು.

ಮಂಗಳವಾರ ಮತ್ತೆ ಕೋಲಾರ, ಮತ್ತೊಂದು ಪ್ರಿಂಟ್. ಈ ಸಲ ಹೊಳಪಿನ ಫ್ಲೆಕ್ಸ್. ಬಂದದ್ದು ಹೊಳೆಯುವ ಕಪ್ಪು! ಅಂಗಡಿಯ ಕಂಪ್ಯೂಟರಿನಲ್ಲೂ ಚಿತ್ರ ಕಪ್ಪಾಗಿಯೇ ಕಂಡಿತು. "ನೋಡಿ ಸಾರ್, ನೀವು ಕೊಟ್ಟಿದ್ದೇ ಹಿಂಗೆ," ಎಂದ ಸುಬ್ಬರಾಯಪ್ಪ. "ನಿಮ್ಮ ಮಾನಿಟರ್ರೂ ಸರಿಯಿಲ್ಲ, ನಿಮ್ಮ ಮೆಷಿನ್ನೂ ಸರಿಯಿಲ್ಲ!" ಎಂದೆ. "ನಾಳೆ ಸಾಕ್ಷಿ ಸಮೇತ ಬರ್ತೀನಿ!"

ಸಾಕ್ಷಿ ಯಾವುದು? ನನ್ನ ಮಾನಿಟರ್! ಬುಧವಾರ ಬೆಳಿಗ್ಗೆ ಆ ಹದಿನೇಳು ಇಂಚಿನ ಭಾರದ ಡಬ್ಬವನ್ನು ಜಮಖಾನದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಟೊಮ್ಯಾಟೊ ಬುಟ್ಟಿಯ ಮುನಿಯಲ್ಲಮ್ಮ.

"ಟೀವಿ ರಿಪೇರಿನಾ ಸ್ವಾಮಿ?"

"ರಿಪೇರಿ ಅಲ್ಲಮ್ಮ, ಚೆನ್ನಾಗಿದೆ."

"ಚೆನ್ನಾಗಿರೋದನ್ನ ಯಾಕೆ ಹೊತ್ಕೊಂಡು ತಿರಗ್ತೀರಾ?"

"ತೋರ್ಸೋಕೆ."

"ಅಯ್ಯೋ ದೇವುಡಾ!" ಎಂದು ಆಕೆ ಬುಟ್ಟಿಯನ್ನು ಆಚೆ ಕಡೆಗೆ ಎಳೆದುಕೊಂಡಳು.

ಅಂಗಡಿಯಲ್ಲಿ ನನ್ನ ಮಾನಿಟರ್‌ಗೆ ತಂತಿ ಸಿಕ್ಕಿಸಿದ್ದೇ ತಡ, ಗಂಧರ್ವಲೋಕ ಝಗ್ಗನೆ ಬೆಳಗಿತು! ನೀಲಿ ಕುದುರೆ, ನೇರಳೆ ಮೋಡ, ಹುರಿಮೀಸೆ! ಪ್ರಿಂಟಿಗೆ ಬಂದಿದ್ದ ನಾಲ್ಕಾರು ಜನ "ಆಹಾ!" ಎಂದರು. ನಾನು ಎದೆಯುಬ್ಬಿಸಿ, "ಈಗೇನಂತೀರಾ ಸುಬ್ಬರಾಯಪ್ಪನವರೇ?" ಎಂದೆ.

ಅವನು ಬಗ್ಗಿ ಮಾನಿಟರಿನ ಕೆಳಗಿನ ಗುಂಡಿಯನ್ನು ನೋಡಿದ. "ಇದೇನ್ ಸಾರ್, ಫುಲ್ಲಾಗಿ ಇಟ್ಟಿದೀರಾ?" ಎನ್ನುತ್ತಾ ನಡುಮಧ್ಯಕ್ಕೆ ತಿರುಗಿಸಿದ. ಕುದುರೆ ಹೋಯಿತು. ಮೋಡ ಹೋಯಿತು. ಎರಡು ಕಣ್ಣು, ಒಂದು ಸಾಲು ಹಲ್ಲು ಉಳಿದವು.

ಪ್ರಿಂಟನ್ನು ಪಕ್ಕದಲ್ಲಿ ಹಿಡಿದು ಅವನು ವಿನಯದಿಂದ ಕೇಳಿದ, "ಪ್ರಿಂಟು ಕರೆಕ್ಟಾಗೇ ಬಂದೈತಲ್ವಾ ಸಾರ್?"

ಇಪ್ಪತ್ತು ದಿನ ನಾನು ಕತ್ತಲನ್ನೇ ಬಳಿದು, ಗುಂಡಿಯ ಬೆಳಕಿನಲ್ಲಿ ನೋಡಿ ಮೆಚ್ಚಿಕೊಂಡಿದ್ದೆ! ಅದನ್ನೆಲ್ಲ ತಿದ್ದಲು ಇನ್ನೂ ಇಪ್ಪತ್ತು ದಿನ ಬೇಕು. ಉಳಿದಿದ್ದದ್ದು ಒಂದೇ ದಿನ. ವಿಷಯ ಕೇಳಿದ ಶ್ರೀಪ್ರಿಯಾ, "ಹತ್ತನೇ ಕ್ಲಾಸಿಗೆ ಬೆಳಕಿನ ಪಾಠ ಮಾಡೋರು ನೀವೇನಾ?" ಎಂದಷ್ಟೇ ಕೇಳಿ, ಸುತ್ತಿಗೆ ತಂದು ಕೈಗಿತ್ತಳು. ಗಿಳಿಗಳಿಗೆ ಮೊಳೆ ಹೊಡೆದವನು ನಾನೇ. ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು.

ಶುಕ್ರವಾರ ಬಂದವರೆಲ್ಲ ಗಿಳಿಗಳನ್ನು ಮುಟ್ಟಿ ಮುಟ್ಟಿ ಹೊಗಳಿದರು. ತಡೆಯಲಾರದೆ ಬೀದಿಗೆ ಬಂದು ತಲೆಯೆತ್ತಿದರೆ, ಮಹಡಿ ಕಟ್ಟಲೆಂದು ಬಿಟ್ಟಿದ್ದ ಕಂಬಿಗಳಿಗೆ ಬಿಗಿದು ಕಟ್ಟಿದೆ ನನ್ನ ಗಂಧರ್ವಲೋಕ! ಕೆಳಗೆ ಮೇಸ್ತ್ರಿ ದೊಡ್ಡಮುನಿಯಪ್ಪ ಕೈಕಟ್ಟಿ ನಿಂತು ಮೆಚ್ಚುತ್ತಿದ್ದ.

"ಅಮ್ಮಾವ್ರು ಕೊಟ್ರು ಸ್ವಾಮಿ. ಮೂವತ್ತು ವರ್ಷದಾಗೆ ಇಂಥ ದೃಷ್ಟಿಬೊಂಬೆ ನೋಡಿಲ್ಲ. ಯಾರ ಕಣ್ಣು ಬಿದ್ರೂ ಬಸ್ಮ!"

"ಲೇ, ಅದು ನನ್ನ ಮುಖ ಕಣಯ್ಯಾ!"

ಅವನು ಚಿತ್ರ ನೋಡಿದ, ನನ್ನನ್ನು ನೋಡಿದ, ಮತ್ತೆ ಚಿತ್ರ ನೋಡಿದ. "ಹೌದಲ್ವಾ!" ಎಂದು ಭಯಭಕ್ತಿಯಿಂದ ಎರಡು ಹೆಜ್ಜೆ ಹಿಂದೆ ಸರಿದ.

ನಾನು ಪಂಚೆ ಮೇಲೆ ಕಟ್ಟಿ ಅದನ್ನು ಇಳಿಸಲು ಏಣಿ ಹತ್ತಿದೆ. ಮೂರನೇ ಮೆಟ್ಟಿಲಲ್ಲಿದ್ದಾಗ ಕೆಳಗಿನಿಂದ ಶ್ರೀಪ್ರಿಯಾಳ ದನಿ ಕೇಳಿಸಿತು.

"ಇರ್ಲಿ ಬಿಡ್ರೀ! ಬೀದೀಲಿ ಹೋಗೋರಿಗೆಲ್ಲ ಕಾಣ್ಲಿ!"