ಬಲಗಾಲಿನ ಬೂಟು ಮತ್ತು ನಿಯಮ ಹದಿನಾಲ್ಕು

ಶಿವಮೊಗ್ಗ-ಭದ್ರಾವತಿ ಜಂಟಿ ಸಾಫ್ಟ್‌ಬಾಲ್ ಸಮಿತಿಯ ಹದಿನಾಲ್ಕನೇ ನಿಯಮದ ಪ್ರಕಾರ, ಚೆಂಡು ಕೈ ಜಾರಿತೋ ಇಲ್ಲವೋ ಎಂಬ ಸಂಶಯ ಬಂದಾಗ ಅಂಪೈರರು ತಮ್ಮ ಜೊತೆಯ ಅಂಪೈರರ ಸಹಾಯ ಕೇಳತಕ್ಕದ್ದು. ಕೇಳುವವರೆಗೆ ಜೊತೆಯ ಅಂಪೈರರು ಬಾಯಿ ಬಿಡತಕ್ಕದ್ದಲ್ಲ. ಈ ನಿಯಮ ಬರೆದವನು ನಾನೇ. ಹೆಸರು ಯಜ್ಞನಾರಾಯಣ, ಸಮಿತಿಯ ಗೌರವ ಕಾರ್ಯದರ್ಶಿ. ಸವಳಂಗ ರಸ್ತೆಯ ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ ಇದೆ.

ಮೊದಲು ಅಂಪೈರರು ಮೈದಾನದ ನಡುವೆ ತಲೆಗೆ ತಲೆ ಕೂಡಿಸಿ ಪಿಸುಗುಟ್ಟಿ, ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ಟುಬಿಡುತ್ತಿದ್ದರು. ಏನು ಮಾತಾಡಿದರು ಎಂಬುದಕ್ಕೆ ಒಂದು ಚೂರು ದಾಖಲೆ ಇರುತ್ತಿರಲಿಲ್ಲ. ಆಟದ ಬಗ್ಗೆ ಮಾತಾಡಿದರೋ, ಮಧ್ಯಾಹ್ನದ ಊಟದ ಬಗ್ಗೆಯೋ, ಯಾರಿಗೆ ಗೊತ್ತು? ಹಾಗಾಗಿ ಸಹಾಯ ಕೇಳುವುದೆಂದರೆ ಲಿಖಿತವಾಗಿ ಕೇಳುವುದು ಎಂದು ತಿದ್ದುಪಡಿ ತಂದೆ. ಕೆಲವರು ನಕ್ಕರು. ನಗಲಿ ಬಿಡಿ, ನಗುವುದಕ್ಕೆ ನಮ್ಮ ಸಮಿತಿಯಲ್ಲಿ ನಿಷೇಧವಿಲ್ಲ.

ಡಿಸೆಂಬರಿನ ಎರಡನೇ ಭಾನುವಾರ ಭದ್ರಾವತಿಯ ಕಾಗದನಗರದ ಮೈದಾನದಲ್ಲಿ ಹುಡುಗಿಯರ ಫೈನಲ್ ನಡೆಯಿತು. ಗೆದ್ದ ತಂಡದಿಂದ ಒಬ್ಬಳಿಗೆ ರಾಜ್ಯ ತಂಡದ ಆಯ್ಕೆ ಶಿಬಿರಕ್ಕೆ ಹೋಗುವ ಅವಕಾಶ. ಭದ್ರಾವತಿ ಗೆದ್ದರೆ ಆ ಒಬ್ಬಳು ಅಮೂಲ್ಯಾ ಎಂದು ಎಲ್ಲರಿಗೂ ಗೊತ್ತಿತ್ತು. ಶಿಬಿರ ಹತ್ತೊಂಬತ್ತರ ಒಳಗಿನವರಿಗೆ ಮಾತ್ರ. ಅವಳಿಗೆ ಮೇ ತಿಂಗಳಲ್ಲಿ ಹತ್ತೊಂಬತ್ತು ತುಂಬುತ್ತದೆ. ಅಂದರೆ ಇದೇ ಕಡೆಯ ಸಲ.

ಎರಡೂ ತಂಡ ಸಮಸಮ. ಕೊನೆಯ ಇನಿಂಗ್ಸಿನಲ್ಲಿ ಅಮೂಲ್ಯಾ ಮೂರನೇ ಬೇಸಿನಿಂದ ಓಡಿ ಬಂದು, ಧೂಳೆಬ್ಬಿಸಿ, ಓಟ ಪೂರ್ತಿಯಾಗುವ ಹೋಮ್ ಪ್ಲೇಟಿಗೆ ಜಾರಿದಳು. ಅದೇ ಹೊತ್ತಿಗೆ ಚೆಂಡೂ ಬಂತು. ಶಿವಮೊಗ್ಗದ ಕ್ಯಾಚರ್ ಪ್ರಿಯಂವದಾ ಚೆಂಡು ಹಿಡಿದು, ತಿರುಗಿ, ಗ್ಲೌಸಿನಿಂದ ಅವಳನ್ನು ಮುಟ್ಟಿದಳು. ಕ್ಯಾಚರಿನ ಬೆನ್ನ ಹಿಂದೆ ನಿಂತಿದ್ದ ಪ್ಲೇಟ್ ಅಂಪೈರ್ ಜನಾರ್ದನರು ಮುಷ್ಟಿ ಎತ್ತಿ "ಔಟ್!" ಎಂದರು. ಪ್ರಿಯಂವದಾ ಪಕ್ಕಕ್ಕೆ ಸರಿದಾಗ ನೋಡಿದರೆ ಚೆಂಡು ನೆಲದ ಮೇಲಿತ್ತು.

ಮುಟ್ಟುವ ಮೊದಲೇ ಬಿದ್ದಿದ್ದರೆ ಅಮೂಲ್ಯಾ ಸೇಫ್, ಭದ್ರಾವತಿಗೆ ಗೆಲುವು. ಮುಟ್ಟಿದ ಮೇಲೆ, ಬೇಡವೆಂದು ಕೈಬಿಟ್ಟಿದ್ದರೆ ಔಟ್. ಇಂಥ ಸಂದರ್ಭಕ್ಕೆಂದೇ ನಿಯಮ ಹದಿನಾಲ್ಕು ಇರುವುದು.

"ಮೊದಲೇ ಬಿತ್ತು ಸಾರ್," ಎಂದಳು ಪ್ರಿಯಂವದಾ. ಒಳ್ಳೆಯ ಹುಡುಗಿ.

"ನೀನು ನನ್ನ ಪಾರ್ಟ್ನರ್ ಏನಮ್ಮ?" ಎಂದರು ಜನಾರ್ದನರು.

"ಹಂಗಾದ್ರೆ ಪಾರ್ಟ್ನರ್‌ನೇ ಕೇಳಿ ಮಾರಾಯ್ರೆ!" ಎಂದು ಬೇಲಿಯಾಚೆಯಿಂದ ಒಬ್ಬ ಹೆಂಗಸು ಕೂಗಿದಳು. ಅದು ಅಮೂಲ್ಯಾಳ ತಾಯಿ ಮಾಸ್ತಮ್ಮ. ಕಾಗದನಗರದ ಸರ್ಕಲ್ಲಿನಲ್ಲಿ ಇಡ್ಲಿ ಗಾಡಿ ಇಟ್ಟುಕೊಂಡಿದ್ದಾಳೆ. ಕೂಗು ಮೈದಾನದ ಆ ಕೊನೆಗೂ ಕೇಳುತ್ತದೆ.

ಇಲ್ಲಿ ಒಂದು ಆಡಳಿತಾತ್ಮಕ ಅಂಶವನ್ನು ಓದುಗರ ಗಮನಕ್ಕೆ ತರಬೇಕು. ಜೊತೆಯ ಅಂಪೈರರೆಂದರೆ ಬೇಸ್ ಅಂಪೈರ್. ನಮ್ಮ ಬೇಸ್ ಅಂಪೈರ್ ವಿಷ್ಣುಪ್ರಸಾದರು ಮಂಡಿ ಆಪರೇಷನ್ ಮಾಡಿಸಿಕೊಂಡು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿ ಬಿದ್ದಿತ್ತು. ಖಾಲಿ ಹುದ್ದೆಯ ಹೆಚ್ಚುವರಿ ಪ್ರಭಾರವನ್ನು ಇನ್ನೊಬ್ಬರಿಗೆ ಕೊಡುವುದು ಎಲ್ಲ ಕಚೇರಿಗಳಲ್ಲೂ ನಡೆದುಬಂದ ಪದ್ಧತಿ. ನಾವೂ ಕೊಟ್ಟೆವು. ಬೇಸ್ ಅಂಪೈರರ ಪ್ರಭಾರ ಇದ್ದದ್ದು ಜನಾರ್ದನರ ಬಳಿಯೇ.

ಜನಾರ್ದನರು ಸೋಮವಾರ, ಬುಧವಾರ, ಶುಕ್ರವಾರ ಶಿವಮೊಗ್ಗದ ಕಚೇರಿಯಲ್ಲಿ ಪ್ಲೇಟ್ ಅಂಪೈರ್. ಮಂಗಳವಾರ, ಗುರುವಾರ, ಶನಿವಾರ ಕಾಗದನಗರದ ಹಳೇ ಕ್ವಾರ್ಟರ್ಸಿನಲ್ಲಿರುವ ನಮ್ಮ ಭದ್ರಾವತಿ ಶಾಖೆಯಲ್ಲಿ ಬೇಸ್ ಅಂಪೈರ್. ಪಂದ್ಯದ ದಿನ ಪ್ಲೇಟ್ ಹಿಂದೆಯೇ ನಿಲ್ಲುತ್ತಾರೆ, ಒಬ್ಬ ಮನುಷ್ಯ ಎಷ್ಟು ಕಡೆ ಅಂತ ನಿಲ್ಲಲಿಕ್ಕಾಗುತ್ತದೆ?

ತೀರ್ಪು ಬರುವವರೆಗೆ ಓಟಗಾರ್ತಿ ಪ್ಲೇಟ್ ಬಿಟ್ಟು ಕದಲಬಾರದು ಎಂಬ ನಿಯಮವೂ ಇದೆ. ಸಂಜೆ ಆರೂವರೆಯ ತನಕ ಅಮೂಲ್ಯಾ ಅಲ್ಲೇ ನಿಂತಿದ್ದಳು. ನನಗೂ ಮಕ್ಕಳಿದ್ದಾರೆ. ಅವಳ ಬಲಗಾಲಿನ ಬೂಟನ್ನು ಪ್ರತಿನಿಧಿಯಾಗಿ ಪ್ಲೇಟಿನ ಮೇಲೆ ಬಿಟ್ಟು ಮನೆಗೆ ಹೋಗಬಹುದೆಂದು ನನ್ನ ವಿವೇಚನಾಧಿಕಾರ ಬಳಸಿ ಅನುಮತಿ ಕೊಟ್ಟೆ. ಇಬ್ಬನಿ ಬೀಳದಿರಲೆಂದು ಬೂಟಿನ ಮೇಲೆ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ಮುಚ್ಚಿಸಿದ್ದೂ ನಾನೇ.

ಮರುದಿನ ಸೋಮವಾರ. ಪ್ಲೇಟ್ ಅಂಪೈರ್ ಜನಾರ್ದನರು ಬೇಸ್ ಅಂಪೈರರಿಗೆ ಪತ್ರ ಬರೆದರು: "ಚೆಂಡು ಮೊದಲು ಬಿತ್ತೋ, ಆಮೇಲೆ ಬಿತ್ತೋ, ದಯವಿಟ್ಟು ತಿಳಿಸುವುದು." ಮಂಗಳವಾರ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಭದ್ರಾವತಿಗೆ ಹೋದರು, ಅಲ್ಲಿ ಪತ್ರ ಸ್ವೀಕರಿಸಿ ಮೊಹರು ಹಾಕಿದರು. ಓದಿ ನೋಡಿದರೆ ಯಾವ ಪಂದ್ಯ, ಯಾವ ಇನಿಂಗ್ಸ್ ಎಂದೇ ಬರೆದಿಲ್ಲ! ಅಪೂರ್ಣ ಮಾಹಿತಿ ಎಂದು ಷರಾ ಬರೆದು ಹಿಂತಿರುಗಿಸಿದರು.

ಬುಧವಾರ ಆ ಷರಾ ಓದಿ ಜನಾರ್ದನರ ಮುಖ ಕೆಂಪಾಯಿತು. "ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ ಸಾರ್, ನನಗೆ ಪತ್ರ ಬರೆಯೋಕೆ ಬರಲ್ಲ ಅಂತಾರಲ್ಲ," ಎಂದು ನನ್ನೆದುರು ನೊಂದುಕೊಂಡರು. ಇನಿಂಗ್ಸ್ ಸೇರಿಸಿ, ಸ್ವಲ್ಪ ಖಾರವಾಗಿಯೇ ಜ್ಞಾಪನಾಪತ್ರ ಕಳಿಸಿದರು. ಗುರುವಾರ ಭದ್ರಾವತಿಯಿಂದ ಉತ್ತರ ಬಂತು: "ಪತ್ರದ ಭಾಷೆ ಸಹೋದ್ಯೋಗಿಗೆ ತಕ್ಕುದಾಗಿಲ್ಲ." ಆಮೇಲೆ ಮೂರು ವಾರ ಇಬ್ಬರ ನಡುವೆ ಪತ್ರ ವ್ಯವಹಾರ ನಿಂತೇ ಹೋಯಿತು.

ಜನಾರ್ದನರ ಹೆಂಡತಿ ವೇದಾ ವಿನೋಬನಗರದ ತರಕಾರಿ ಅಂಗಡಿಯಲ್ಲಿ ಸಿಕ್ಕಿದ್ದರು. "ಮನೇಲಿ ಊಟ ಸರಿಯಾಗಿ ಮಾಡ್ತಿಲ್ಲ. ಯಾರ ಮೇಲ್ರೀ ಇಷ್ಟು ಸಿಟ್ಟು ಅಂದ್ರೆ, ಆ ಭದ್ರಾವತಿಯವನ ಮೇಲೆ ಅಂತಾರೆ," ಎಂದರು. ರಾಜಿ ಮಾಡಿಸಬಹುದಿತ್ತು, ಆದರೆ ಅಂಪೈರರ ವಿಷಯದಲ್ಲಿ ಕಾರ್ಯದರ್ಶಿ ಕೈಹಾಕುವಂತಿಲ್ಲ.

ಜನವರಿಯಲ್ಲಿ ಮಾಸ್ತಮ್ಮ ಇಡ್ಲಿ ಗಾಡಿ ಮುಚ್ಚಿ ಕಚೇರಿಗೆ ಬಂದಳು. ಹಿಂದೆ ಅಮೂಲ್ಯಾ, ಎರಡು ಕಾಲಿಗೂ ಹವಾಯಿ ಚಪ್ಪಲಿ.

"ಏನ್ ಸಾರ್ ಇದು ನಾಟಕ? ಕೇಳೋರೂ ಅವರೇ, ಹೇಳೋರೂ ಅವರೇ ಅಲ್ವಾ?"

"ವ್ಯಕ್ತಿ ಒಬ್ಬರೇ ಅಮ್ಮ, ಹುದ್ದೆ ಎರಡು," ಎಂದು ಸಮಾಧಾನದಿಂದ ವಿವರಿಸಿದೆ.

"ಕಣ್ಣು?"

"ಅದರ ಬಗ್ಗೆ ನಿಯಮದಲ್ಲಿ ಏನೂ ಹೇಳಿಲ್ಲ."

"ಅಯ್ಯೋ ನನ್ ಕರ್ಮವೇ! ಮಗು ಬೆಳಿಗ್ಗೆ ಐದಕ್ಕೆ ಎದ್ದು ಬರಿಗಾಲಲ್ಲಿ ಓಡ್ತಿದೆ ಸಾರ್. ಶಿಬಿರ ತಪ್ಪಿದ್ರೆ ಮತ್ತೆ ಇಲ್ಲ ಅದಕ್ಕೆ. ಒಂದು ಮಾತು ಹೇಳ್ಸಿ ಅಂತ ಕೈ ಮುಗೀತೀನಿ." ನಾನು ನೀರು ಕೊಟ್ಟೆ.

ಅದರ ಪರಿಣಾಮವಾಗಿ ಭದ್ರಾವತಿಯ ಉತ್ತರವನ್ನು ತರಿಸಿಕೊಟ್ಟೆ. ಅದು ಹೀಗಿತ್ತು: "ಸದರಿ ವೇಳೆಯಲ್ಲಿ ಬೇಸ್ ಅಂಪೈರರನ್ನು ಪ್ಲೇಟ್ ಅಂಪೈರರ ಕೆಲಸಕ್ಕೆ ನಿಯೋಜಿಸಿದ್ದರಿಂದ, ಚೆಂಡು ಬಿದ್ದದ್ದನ್ನು ನೋಡಿರುವುದಿಲ್ಲ. ಪ್ಲೇಟ್ ಅಂಪೈರರು ತೀರಾ ಹತ್ತಿರದಲ್ಲಿ ಇದ್ದರೆಂದು ತಿಳಿದುಬಂದಿರುವುದರಿಂದ, ಅವರನ್ನೇ ಕೇಳಬಹುದಾಗಿದೆ." ಜನಾರ್ದನರು ಅದನ್ನು ಓದಿ, ಮನುಷ್ಯ ಒರಟನಾದರೂ ಬರೆದದ್ದರಲ್ಲಿ ನ್ಯಾಯವಿದೆ ಎಂದು ಒಪ್ಪಿಕೊಂಡರು.

ಸಮಿತಿ ತುರ್ತು ಸಭೆ ಸೇರಿತು. ಉಪ್ಪಿಟ್ಟು, ಕೇಸರಿಬಾತ್ ಆದ ಮೇಲೆ ಬೇಸ್ ಅಂಪೈರ್ ಹುದ್ದೆಯನ್ನು ಭರ್ತಿ ಮಾಡಲು ತೀರ್ಮಾನವಾಯಿತು. ಅರ್ಹತೆ: ನಿಯಮ ಹದಿನಾಲ್ಕು ಬಾಯಿಪಾಠ ಇರತಕ್ಕದ್ದು. ಎರಡೂ ತಾಲ್ಲೂಕು ಹುಡುಕಿದರೂ ಅದು ಬಾಯಿಪಾಠ ಇದ್ದದ್ದು ಒಬ್ಬಳಿಗೇ. ನಾನೇ ಅಮೂಲ್ಯಾಳನ್ನು ಕರೆದು ಹೇಳಿದೆ: "ಅರ್ಜಿ ಹಾಕಮ್ಮ. ನೀನು ಬೇಸ್ ಅಂಪೈರ್ ಆದರೆ ನಿನ್ನ ಕಡತ ನಿನ್ನ ಟೇಬಲ್ಲಿಗೇ ಬರುತ್ತೆ."

ತನ್ನ ಕಡತವನ್ನು ತಾನೇ ನೋಡಬಹುದೇ ಎಂದು ಒಬ್ಬ ಸದಸ್ಯರು ಆಕ್ಷೇಪವೆತ್ತಿದರು. ಜನಾರ್ದನರು ಎರಡು ತಿಂಗಳಿಂದ ಮಾಡುತ್ತಿರುವುದು ಅದೇ ಅಲ್ಲವೇ ಎಂದೆ. ಅವರು ಆಕ್ಷೇಪ ವಾಪಸು ಪಡೆದರು.

ಆದೇಶ ಹೊರಟದ್ದು ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ. ಶಿಬಿರಕ್ಕೆ ಹೆಸರು ಕೊಡಲು ಅಂದು ಸಂಜೆ ಐದು ಗಂಟೆಯೇ ಗಡುವು. ಅಮೂಲ್ಯಾ ಹತ್ತು ಗಂಟೆಗೇ ಓಡಿ ಬಂದು ಜನಾರ್ದನರ ಎದುರು ನಿಂತಳು. "ಸಾರ್, ಚಾರ್ಜ್ ಕೊಡಿ ಸಾರ್. ಈಗ್ಲೇ ಕೇಳಿ, ಈಗ್ಲೇ ಹೇಳ್ತೀನಿ."

"ಕೊಡ್ತಿದ್ದೆ ಮಗು," ಎಂದರು ಜನಾರ್ದನರು. ನಿಜಕ್ಕೂ ಅವರ ಕಣ್ಣಲ್ಲಿ ನೀರಿತ್ತು. "ಆದರೆ ಇವತ್ತು ಸೋಮವಾರ. ಚಾರ್ಜ್ ಇರೋದು ಭದ್ರಾವತಿಯವರ ಹತ್ತಿರ. ಅವರು ನಾಳೆ ಸಿಗ್ತಾರೆ."

ಮಂಗಳವಾರ ಅವರು ಸಿಕ್ಕರು, ಚಾರ್ಜ್ ಕೊಟ್ಟರು. ಗುರುವಾರ ಅಮೂಲ್ಯಾ ಮೊದಲ ಕಡತಕ್ಕೆ ಸಹಿ ಹಾಕಿದಳು: "ಚೆಂಡು ಮೊದಲೇ ಬಿದ್ದಿರುತ್ತದೆ." ಶುಕ್ರವಾರ ಜನಾರ್ದನರು ಕಾಗದನಗರದ ಖಾಲಿ ಮೈದಾನಕ್ಕೆ ಹೋಗಿ, ಪ್ಲೇಟಿನ ಹಿಂದೆ ನಿಂತು, ಎರಡೂ ಕೈ ಚಾಚಿ "ಸೇಫ್!" ಎಂದು ಘೋಷಿಸಿದರು. ಭದ್ರಾವತಿ ಗೆದ್ದಿತು. ಬಕೆಟ್ ಎತ್ತಿ, ಬೂಟನ್ನು ಹಾರ ಹಾಕಿದ ತಟ್ಟೆಯಲ್ಲಿಟ್ಟು ಅಮೂಲ್ಯಾಳಿಗೆ ಗೌರವಪೂರ್ವಕವಾಗಿ ಹಸ್ತಾಂತರಿಸಿದೆವು.

"ಶಿಬಿರ, ಸಾರ್?" ಎಂದಳು.

"ಅದು ಬೇರೆ ಕಡತ," ಎಂದೆ.

ಅವಳು ಬೂಟನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಅತ್ತಳು. ನಮಗೂ ಬೇಜಾರಾಯಿತು. ಆಮೇಲೆ ಒಳಗಿದ್ದ ಇರುವೆ ಕೊಡವಿ ಹಾಕಿಕೊಂಡಳು. ಸರಿಯಾಗಿಯೇ ಇತ್ತು.

ಕಳೆದ ಭಾನುವಾರ ಅದೇ ಮೈದಾನದಲ್ಲಿ ಹೊಸ ಲೀಗಿನ ಮೊದಲ ಪಂದ್ಯ. ಶೀಲಾ ಎಂಬ ಹುಡುಗಿ ಹೋಮ್ ಪ್ಲೇಟಿಗೆ ಜಾರಿದಳು, ಕ್ಯಾಚರ್ ಮುಟ್ಟಿದಳು, ಚೆಂಡು ನೆಲದ ಮೇಲಿತ್ತು. ಹತ್ತು ಹೆಜ್ಜೆ ದೂರದಲ್ಲಿ ಬೇಸ್ ಅಂಪೈರ್ ಅಮೂಲ್ಯಾ ನೆಟ್ಟಗೆ ನೋಡುತ್ತಾ ನಿಂತಿದ್ದಳು. ಜನಾರ್ದನರು ಔಟ್ ಎಂದು ಎತ್ತಿದ ಮುಷ್ಟಿಯನ್ನು ಅರ್ಧ ಇಳಿಸಿ, ಹಳೇ ಅಭ್ಯಾಸದಲ್ಲಿ ಬಾಯಿ ಮಾತಲ್ಲೇ ಕೇಳಿಬಿಟ್ಟರು.

"ಅಮೂಲ್ಯಾ, ನೋಡಿದ್ಯಾ?"

"ನೋಡಿದೆ ಸಾರ್," ಎಂದಳು ಅಮೂಲ್ಯಾ. "ಬರೆದು ಕಳಿಸಿ. ಮಂಗಳವಾರ ಆಫೀಸಲ್ಲಿರ್ತೀನಿ."

ಬೇಲಿಯಾಚೆ ಶೀಲಾಳ ತಾಯಿ ಸುಭದ್ರಮ್ಮ ಕೂಗಾಡತೊಡಗಿದಳು. ಮಾಸ್ತಮ್ಮ ಅವಳ ಕೈ ಹಿಡಿದು ಕೂರಿಸಿದಳು. "ಯಾಕೆ ಗಂಟಲು ಹರ್ಕೊಳ್ತೀಯ ಮಾರಾಯ್ತಿ? ಎರಡು ತಿಂಗಳಲ್ಲಿ ತೀರ್ಪು ಬರುತ್ತೆ. ನಮ್ಮ ಹುಡುಗೀಗೂ ಬಂತಲ್ಲ." ಎಂದವಳೇ ಬೇಲಿ ಪಕ್ಕ ತಂದು ನಿಲ್ಲಿಸಿದ್ದ ಗಾಡಿಯ ಕೆಳಗಿದ್ದ ಅದೇ ನೀಲಿ ಬಕೆಟ್ ತರಲು ಎದ್ದಳು.

ಅಷ್ಟರಲ್ಲಿ, ಯಾರೂ ಹೇಳುವ ಮೊದಲೇ, ಶೀಲಾ ಬಲಗಾಲಿನ ಬೂಟಿನ ಲೇಸು ಬಿಚ್ಚುತ್ತಿದ್ದಳು.